ಸಾಕು ಗಿಣಿಗೆ ಕೂರುವ ಕೊಂಬೆ, ಆಟದ ಸಾಮಾನು: ತೋಟದಿಂದ ಯಾವುದು ತರಬಹುದು, ಯಾವುದು ಮುಟ್ಟಬಾರದು

ಈ ವಾರ ಬೆಳೆ ವಿಷಯ ಅಲ್ಲ, ಪಂಜರದ ವಿಷಯ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಕಡೆ ಈಗ ಎಷ್ಟೋ ಮನೆಗಳಲ್ಲಿ ಕೊಟ್ಟಿಗೆಯಲ್ಲಿ ಹಸು, ಹಿತ್ತಲಲ್ಲಿ ನಾಟಿ ಕೋಳಿ ಇದ್ದ ಹಾಗೆ ಜಗುಲಿಯಲ್ಲಿ ಒಂದು ಹಕ್ಕಿ ಪಂಜರವೂ ಇರುತ್ತೆ. ಮಕ್ಕಳು ಹಟ ಮಾಡಿ ತರಿಸಿಕೊಂಡದ್ದೋ, ಉಪ ಆದಾಯಕ್ಕೆ ಅಂತ ಜೋಡಿ ಸಾಕಿದ್ದೋ, ಅಂತೂ ಇರುತ್ತೆ. ಸಾಕಿದವರು ಕಾಳು ಯಾವುದು ಕೊಡಬೇಕು, ಮೊಟ್ಟೆ ಯಾವಾಗ ಇಡುತ್ತೆ, ಮಾತು ಹೇಗೆ ಕಲಿಸೋದು ಅಂತೆಲ್ಲ ಕೇಳ್ತಾರೆ. ಹಕ್ಕಿ ಯಾವುದರ ಮೇಲೆ ಕೂತಿದೆ, ಯಾವುದನ್ನ ಕಚ್ಚುತ್ತಿದೆ ಅನ್ನೋದನ್ನ ಕೇಳುವವರು ಕಡಿಮೆ.

ಸ್ವಲ್ಪ ಯೋಚನೆ ಮಾಡಿ. ಹಸು ಮಲಗುತ್ತೆ, ನಾಯಿ ಮಲಗುತ್ತೆ. ಗಿಣಿ ರಾತ್ರಿ ನಿದ್ದೆಯನ್ನೂ ಕಾಲ ಮೇಲೆ ನಿಂತೇ ಮಾಡುತ್ತೆ. ಹತ್ತು, ಹದಿನೈದು ವರ್ಷ ಬದುಕುವ ಹಕ್ಕಿ ಅಷ್ಟೂ ವರ್ಷ ಅದೇ ಕೋಲಿನ ಮೇಲೆ ನಿಲ್ಲಬೇಕು. ಇನ್ನು ಕೊಕ್ಕು. ನಮಗೆ ಕೈ ಹೇಗೋ ಗಿಣಿಗೆ ಕೊಕ್ಕು ಹಾಗೆ. ಏನೇ ಸಿಕ್ಕಿದರೂ ಮೊದಲು ಕಚ್ಚಿ ನೋಡುತ್ತೆ. ಪಂಜರದಲ್ಲಿ ಇರುವ ಪ್ರತಿಯೊಂದು ವಸ್ತುವೂ ಒಂದಲ್ಲ ಒಂದು ದಿನ ಅದರ ಬಾಯಿಗೆ ಹೋಗೇ ಹೋಗುತ್ತೆ ಅಂತ ಲೆಕ್ಕ ಇಟ್ಟುಕೊಂಡೇ ಸಾಮಾನು ಆರಿಸಬೇಕು.

ಮೊದಲು, ಯಾವ ಗಿಣಿ?

ನಮ್ಮ ಹೊಲದ ಮೇಲೆ ಕಿರುಚಿಕೊಂಡು ಹಾರಾಡುವ ಹಸಿರು ಗಿಣಿ, ಕೊರಳಲ್ಲಿ ಗುಲಾಬಿ ಪಟ್ಟಿ ಇರೋದು, ಅದನ್ನ ಸಾಕುವಂತಿಲ್ಲ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ರಕ್ಷಣೆ ಇರುವ ಹಕ್ಕಿ. ಅದಕ್ಕಿಂತ ದೊಡ್ಡದಾದ, ರೆಕ್ಕೆ ಮೇಲೆ ಕೆಂಪು ಮಚ್ಚೆ ಇರುವ ರಾಜಗಿಣಿ, ಕೆನ್ನೀಲಿ ತಲೆಯ ಗಿಣಿ, ಮಲೆನಾಡಿನ ನೀಲಿ ರೆಕ್ಕೆಯ ಗಿಣಿ ಎಲ್ಲಕ್ಕೂ ಇದೇ ಕಾನೂನು. ತೆಂಗಿನ ಮರದ ಪೊಟರೆಯಿಂದ ಮರಿ ತೆಗೆದು ಸಾಕೋದು, ಸಂತೆಯಲ್ಲಿ ಬುಟ್ಟಿಯಲ್ಲಿಟ್ಟು ಮಾರುವವರಿಂದ ಕೊಳ್ಳೋದು ಎರಡೂ ಅಪರಾಧ. ಸೀಬೆಹಣ್ಣು, ಮುಸುಕಿನ ಜೋಳ, ಸೂರ್ಯಕಾಂತಿ ಹಾಳು ಮಾಡುತ್ತೆ ಅನ್ನೋ ಸಿಟ್ಟು ನ್ಯಾಯವೇ. ಅದಕ್ಕೆ ಬಲೆ ಕಟ್ಟಿ, ಹಣ್ಣಿಗೆ ಕವರ್ ಹಾಕಿ. ಹಿಡಿದು ಪಂಜರಕ್ಕೆ ಹಾಕೋದು ಅದಕ್ಕೆ ಪರಿಹಾರ ಅಲ್ಲ. ಗಾಯವಾದ ಗಿಣಿ ಅಥವಾ ಗೂಡಿನಿಂದ ಬಿದ್ದ ಮರಿ ಸಿಕ್ಕಿದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.

ಸಾಕಬಹುದಾದದ್ದು ವಿದೇಶಿ ತಳಿಗಳು. ನಾವು ಲವ್ ಬರ್ಡ್ಸ್ ಅಂತ ಕರೆಯುವ ಚಿಕ್ಕ ಹಕ್ಕಿಯ ನಿಜ ಹೆಸರು ಬಜರಿಗರ್, ಆಸ್ಟ್ರೇಲಿಯಾದ್ದು. ಜುಟ್ಟು ಇರುವ ಕಾಕಟೀಲ್ ಕೂಡ ಅಲ್ಲಿಯದೇ. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು, ಮೋಟು ಬಾಲದ್ದು, ಕಚ್ಚಿದರೆ ರಕ್ತ ಬರುತ್ತೆ. ಇವಲ್ಲದೆ ದಕ್ಷಿಣ ಅಮೆರಿಕದ ಕನ್ಯೂರ್, ಮಕಾವ್, ಆಫ್ರಿಕಾದ ಗ್ರೇ ಗಿಣಿ ಇವೆಲ್ಲ ಈಗ ನಮ್ಮ ಕಡೆಯೂ ಬಂದಿವೆ. ಒಂದು ಎಚ್ಚರಿಕೆ: ಅಂತಾರಾಷ್ಟ್ರೀಯ ವ್ಯಾಪಾರ ಒಪ್ಪಂದವಾದ ಸೈಟಿಸ್ ಪಟ್ಟಿಯಲ್ಲಿರುವ ಹಕ್ಕಿ ನಿಮ್ಮಲ್ಲಿದ್ದರೆ 2024ರ ಕೇಂದ್ರ ಸರ್ಕಾರದ ನಿಯಮದ ಪ್ರಕಾರ ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಗ್ರೇ ಗಿಣಿ, ಮಕಾವ್, ಸನ್ ಕನ್ಯೂರ್ ಎಲ್ಲ ಆ ಪಟ್ಟಿಯಲ್ಲಿವೆ. ಬಜರಿಗರ್, ಕಾಕಟೀಲ್ ಇಲ್ಲ. ಕೊಳ್ಳುವಾಗಲೇ ಕಾಗದ ಪತ್ರ ಕೇಳಿ ಇಸ್ಕೊಳ್ಳಿ.

ಒಂದೇ ದಪ್ಪದ ನುಣುಪಾದ ಕೋಲು ಯಾಕೆ ಬೇಡ

ಪಂಜರ ಕೊಂಡಾಗ ಅದರ ಜೊತೆಗೇ ಎರಡು ಕೋಲು ಬರುತ್ತೆ. ಪ್ಲಾಸ್ಟಿಕ್‌ದು, ಇಲ್ಲಾ ಲೇತ್‌ನಲ್ಲಿ ತಿರುಗಿಸಿ ನುಣ್ಣಗೆ ಮಾಡಿದ ಮರದ್ದು. ಅಂಗಡಿಯವರು ಪರ್ಚ್ ಅಂತಾರೆ. ಎರಡೂ ತುದಿಯಿಂದ ತುದಿಗೆ ಒಂದೇ ದಪ್ಪ. ಹಕ್ಕಿ ಅದರ ಮೇಲೆ ಕೂತಾಗ ಪ್ರತಿಸಲವೂ ಅಂಗಾಲಿನ ಅದೇ ಜಾಗದ ಮೇಲೆ ಭಾರ ಬೀಳುತ್ತೆ. ನಾವು ಹೊಸ ಚಪ್ಪಲಿ ಹಾಕ್ಕೊಂಡು ಇಡೀ ದಿನ ನಡೆದರೆ ಒಂದೇ ಕಡೆ ಬೊಬ್ಬೆ ಏಳಲ್ವಾ, ಹಾಗೆ. ಮೊದಲು ಅಂಗಾಲಿನ ಸಣ್ಣ ಸಣ್ಣ ಗೆರೆ ಮಾಸಿ ಚರ್ಮ ಕೆಂಪಗೆ ಹೊಳೆಯೋಕೆ ಶುರುವಾಗುತ್ತೆ. ಆಮೇಲೆ ಆಣಿ ಕಟ್ಟಿದ ಹಾಗೆ ಗಟ್ಟಿಯಾಗುತ್ತೆ, ಬಿರಿಯುತ್ತೆ, ಸೋಂಕು ಹತ್ತಿ ಕೀವು ತುಂಬುತ್ತೆ. ಕೋಳಿ ಸಾಕಿದವರಿಗೆ ಈ ರೋಗ ಗೊತ್ತಿರುತ್ತೆ, ಡಾಕ್ಟರು ಬಂಬಲ್ ಫೂಟ್ ಅಂತಾರೆ. ಬರೀ ಕಾಳು ತಿಂದು ಬೊಜ್ಜು ಬಂದ, ಸೊಪ್ಪು ತರಕಾರಿಯನ್ನೇ ಕಾಣದ ಹಕ್ಕಿಗಳಲ್ಲಿ ಇದು ಇನ್ನೂ ಬೇಗ ಬರುತ್ತೆ. ಕೆಂಪಾದ ಹಂತದಲ್ಲೇ ಕೋಲು ಬದಲಾಯಿಸಿ, ಊಟ ಸರಿಪಡಿಸಿದರೆ ವಾಸಿಯಾಗುತ್ತೆ. ಕೀವು ತುಂಬಿದ ಮೇಲೆ ಕಷ್ಟ.

ಆದ್ದರಿಂದ ವಾರಕ್ಕೊಂದು ಸಲ ಹಕ್ಕಿ ಪಂಜರದ ಸರಳು ಹಿಡಿದು ಹತ್ತುವಾಗ ಅಂಗಾಲು ನೋಡಿ. ಹಿಡಿಯೋದೂ ಬೇಡ, ಸುಮ್ಮನೆ ನೋಡಿದರೆ ಸಾಕು.

ಇದಕ್ಕೆ ಮದ್ದು ಮರದ ಕೊಂಬೆ. ತೊಗಟೆ ಇರುವ, ಅಂಕುಡೊಂಕಾದ, ಒಂದು ಕಡೆ ದಪ್ಪ ಒಂದು ಕಡೆ ಸಣ್ಣ ಇರುವ ಸಾಧಾರಣ ಕೊಂಬೆ. ಹೆಜ್ಜೆ ಹೆಜ್ಜೆಗೂ ಹಿಡಿತ ಬದಲಾಗುತ್ತೆ, ಕಾಲಿಗೆ ವ್ಯಾಯಾಮ ಆಗುತ್ತೆ, ತೊಗಟೆ ಸುಲಿಯೋದೇ ಹಕ್ಕಿಗೆ ಅರ್ಧ ದಿನದ ಕೆಲಸ. ಅಂಗಡಿಯಲ್ಲಿ ಇಂಥ ಕೊಂಬೆಯನ್ನೇ ನ್ಯಾಚುರಲ್ ವುಡ್ ಪರ್ಚ್ ಅಂತ ಪ್ಯಾಕ್ ಮಾಡಿ ದುಡ್ಡಿಗೆ ಮಾರ್ತಾರೆ. ತೋಟ ಇರೋರು ಅದಕ್ಕೆ ದುಡ್ಡು ಕೊಡೋದು ನನಗಂತೂ ತಮಾಷೆ ಅನ್ನಿಸುತ್ತೆ.

ದಪ್ಪದ ಲೆಕ್ಕ ಹೀಗೆ. ಗಿಣಿಗೆ ಎರಡು ಬೆರಳು ಮುಂದಕ್ಕೆ, ಎರಡು ಹಿಂದಕ್ಕೆ ಇರುತ್ತೆ. ಕೊಂಬೆ ಹಿಡಿದಾಗ ಬೆರಳುಗಳು ಸುತ್ತಳತೆಯ ಮೂರರಲ್ಲಿ ಎರಡು ಭಾಗದಿಂದ ಮುಕ್ಕಾಲು ಭಾಗ ಸುತ್ತಬೇಕು. ಮುಂದಿನ ಬೆರಳು ಹಿಂದಿನ ಬೆರಳಿಗೆ ತಾಗುತ್ತಿದ್ದರೆ ಕೋಲು ಸಣ್ಣದಾಯ್ತು. ಅಂಗಾಲು ಚಪ್ಪಟೆಯಾಗಿ ಹರಡಿಕೊಂಡಿದ್ದರೆ ದಪ್ಪ ಜಾಸ್ತಿ. ಬಜರಿಗರ್‌ಗೆ ನಮ್ಮ ಕಿರುಬೆರಳಿನ ದಪ್ಪ, ಅಂದ್ರೆ 1ರಿಂದ 1.5 ಸೆಂಟಿಮೀಟರ್. ಕಾಕಟೀಲ್ ಮತ್ತು ಆಫ್ರಿಕಾದ ಲವ್ ಬರ್ಡ್‌ಗೆ 1.5ರಿಂದ 2. ಸನ್ ಕನ್ಯೂರ್‌ಗೆ ಹೆಬ್ಬೆರಳಿಗಿಂತ ತುಸು ದಪ್ಪ, 2ರಿಂದ 2.5. ಗ್ರೇ ಗಿಣಿಗೆ 3ರಿಂದ 4. ಮಕಾವ್‌ಗೆ ಗುದ್ದಲಿ ಕಾವಿನಷ್ಟು ಅಥವಾ ಇನ್ನೂ ದಪ್ಪ. ಇದು ಅಂದಾಜು. ಒಂದೇ ಅಳತೆಗೆ ಅಂಟಿಕೊಳ್ಳದೆ ಇದರ ಆಚೀಚೆ ಎರಡು ಮೂರು ದಪ್ಪದ ಕೊಂಬೆ ಹಾಕಿ.

ಉಗುರು ಸವೆಯಲಿ ಅಂತ ಮರಳು ಕಾಗದ ಸುತ್ತಿದ ಕೋಲು ಮಾರ್ತಾರೆ. ಅದು ಉಗುರು ಸವೆಸೋದಿಲ್ಲ, ಅಂಗಾಲು ಸವೆಸುತ್ತೆ. ತರಬೇಡಿ. ಸಿಮೆಂಟಿನ ಹಾಗೆ ಒರಟಾಗಿರುವ ಪರ್ಚ್ ಬೇಕಾದರೆ ಒಂದೇ ಒಂದು, ಅದೂ ಹಕ್ಕಿ ಸ್ವಲ್ಪ ಹೊತ್ತು ಬಂದು ಹೋಗುವ ಜಾಗದಲ್ಲಿ ಹಾಕಿ. ಮಲಗುವ ಜಾಗದಲ್ಲಿ ಬೇಡ. ಪಿವಿಸಿ ಪೈಪ್ ತುಂಡು ತೊಳೆಯೋಕೆ ಸುಲಭ, ಆದರೆ ಕಾಲು ಜಾರುತ್ತೆ. ಕಾಲಿಗೆ ಸರಪಳಿ ಕಟ್ಟಿ ಕಬ್ಬಿಣದ ಬಳೆ ಮೇಲೆ ಕೂರಿಸೋ ಹಳೇ ಪದ್ಧತಿ ಬಗ್ಗೆ ಮಾತೇ ಬೇಡ. ಹೆದರಿ ಹಾರಿದ ಹಕ್ಕಿಯ ಕಾಲು ಮುರಿಯೋಕೆ ಅಷ್ಟು ಸಾಕು.

ನಮ್ಮ ತೋಟದ ಯಾವ ಕೊಂಬೆ?

ಇಲ್ಲಿ ನಮ್ಮ ಜಿಲ್ಲೆಯವರಿಗೆ ಅನುಕೂಲವೂ ಇದೆ, ಅಪಾಯವೂ ಇದೆ. ಮರ ಒಳ್ಳೇದಾದರೂ ಅದರ ಮೇಲೆ ಏನು ಸಿಂಪಡಿಸಿದ್ದೀವಿ ಅನ್ನೋದು ಮುಖ್ಯ.

ನನ್ನ ಮೊದಲ ಆಯ್ಕೆ ಸೀಬೆ. ಗಟ್ಟಿ ಮರ, ಬೇಕಾದ ಹಾಗೆ ಕವಲು ಒಡೆದಿರುತ್ತೆ, ತೊಗಟೆ ತೆಳ್ಳಗಿರುತ್ತೆ. ಹಿತ್ತಲಲ್ಲಿ ತಾನಾಗಿ ಬೆಳೆದ, ಔಷಧಿ ಕಾಣದ ಸೀಬೆ ಗಿಡ ಇದ್ದರೆ ಬೇರೆ ಹುಡುಕೋದೇ ಬೇಡ.

ಎರಡನೇದು ಹಿಪ್ಪುನೇರಳೆ, ಅಂದ್ರೆ ರೇಷ್ಮೆ ಕಡ್ಡಿ. ವಿಜಯಪುರ, ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ ಕಡೆ ಇದಕ್ಕೇನು ಬರ. ಮರ ಹಕ್ಕಿಗೆ ಸುರಕ್ಷಿತ, ಬಜರಿಗರ್, ಕಾಕಟೀಲ್‌ಗೆ ದಪ್ಪವೂ ಸರಿಹೊಂದುತ್ತೆ. ಹುಳು ಸಾಕೋರು ತೋಟಕ್ಕೆ ಔಷಧಿ ಹೊಡೆಯೋದಕ್ಕೆ ಹೆದರ್ತಾರೆ, ಅದೂ ಒಂದು ಲಾಭ. ಆದರೆ ಒಂದು ವಿಷಯ ಗಮನದಲ್ಲಿ ಇರಲಿ. ಕಡ್ಡಿಯನ್ನ ತೋಟದಿಂದ ಕಡಿದು ತನ್ನಿ, ಹುಳು ಮನೆಯಿಂದ ಬೇಡ. ಹುಳು ಸೊಪ್ಪು ತಿಂದು ಬಿಟ್ಟ ಬರಿ ಕಡ್ಡಿ ಹಾಸಿಗೆಯಲ್ಲಿ ಕಣ್ಣೆದುರೇ ಬಿದ್ದಿರುತ್ತೆ, ತಗೊಂಡು ಹೋಗೋಣ ಅನ್ನಿಸುತ್ತೆ. ಆ ಕಡ್ಡಿಯ ಮೇಲೆ ವಿಜೇತದಂಥ ಸೋಂಕುನಿವಾರಕ ಪುಡಿ, ಸುಣ್ಣ ಬಿದ್ದಿರುತ್ತೆ. ಮನೆಗೆ ಬ್ಲೀಚಿಂಗ್ ಪೌಡರೋ ಫಾರ್ಮಲಿನ್ನೋ ಹೊಡೆದಿರುತ್ತೀರಿ. ಅದು ಕಚ್ಚುವ ಹಕ್ಕಿಗೆ ಅಲ್ಲ.

ದ್ರಾಕ್ಷಿ ಬಳ್ಳಿಯದು ಇದಕ್ಕಿಂತ ದೊಡ್ಡ ಕತೆ. ಹೊರದೇಶಗಳಲ್ಲಿ ಗಿಣಿ ಸಾಕುವವರು ಹಳೇ ದ್ರಾಕ್ಷಿ ಬಳ್ಳಿಯ ಕಾಂಡವನ್ನ ದುಡ್ಡು ಕೊಟ್ಟು ಕೊಳ್ತಾರೆ. ತಿರುಚಿಕೊಂಡು, ಗಂಟು ಗಂಟಾಗಿ ಹಕ್ಕಿಗೆ ಹಿಡಿಯೋಕೆ ಹೇಳಿ ಮಾಡಿಸಿದ ಹಾಗೆ ಇರುತ್ತೆ. ನಮ್ಮ ಬೆಂಗಳೂರು ನೀಲಿ ದ್ರಾಕ್ಷಿ ತೋಟದಲ್ಲಿ ಪ್ರೂನಿಂಗ್ ಆದಾಗ ಬದುವಿನ ಮೇಲೆ ರಾಶಿ ಬಿದ್ದಿರುತ್ತೆ. ಅದನ್ನ ಹಕ್ಕಿಗೆ ಹಾಕಬೇಡಿ ಅಂತಲೇ ನಾನು ಹೇಳೋದು. ಬೂಜು ರೋಗಕ್ಕೆ ಅಂತ ವರ್ಷವಿಡೀ ಬೋರ್ಡೋ ದ್ರಾವಣ ಹೊಡೀತೀವಿ. ಅಂದ್ರೆ ಮೈಲುತುತ್ತ, ತಾಮ್ರ. ಆ ತಾಮ್ರ ಬಿರುಕು ಬಿಟ್ಟ ತೊಗಟೆಯಲ್ಲಿ ಪದರ ಪದರವಾಗಿ ಕೂತಿರುತ್ತೆ. ಅದರ ಮೇಲೆ ಕೀಟನಾಶಕ ಬೇರೆ. ತೊಳೆದರೆ ಮೇಲಿನದು ಹೋಗಬಹುದು, ಬಿರುಕಿನೊಳಗಿನದು ಹೋಗಲ್ಲ. ಔಷಧಿ ಹೊಡೆದು ಇಷ್ಟು ದಿನ ಆಯ್ತಲ್ಲ, ಕಾಯುವ ಅವಧಿ ಮುಗೀತಲ್ಲ ಅಂತ ಕೆಲವರು ಕೇಳ್ತಾರೆ. ಆ ಅವಧಿ ಲೆಕ್ಕ ಹಾಕಿರೋದು ಮನುಷ್ಯರು ಹಣ್ಣು ತಿನ್ನೋದಕ್ಕೆ. ಮೂವತ್ತು, ನಲವತ್ತು ಗ್ರಾಂ ತೂಕದ ಹಕ್ಕಿ ದಿನವಿಡೀ ತೊಗಟೆ ಅಗಿಯೋದಕ್ಕೆ ಅಲ್ಲ. ದಾಳಿಂಬೆ ಕೊಂಬೆಗೂ, ಪಾಲಿಹೌಸ್ ಗುಲಾಬಿಗೂ ಇದೇ ಮಾತು. ಗುಲಾಬಿ ದಳ ಹಕ್ಕಿಗೆ ಒಳ್ಳೇದು ಅಂತ ಯಾರೋ ಹೇಳಿದ್ದನ್ನ ಕೇಳಿ ಪಾಲಿಹೌಸ್ ಹೂವು ಹಾಕೋರಿದ್ದಾರೆ, ದಯವಿಟ್ಟು ಬೇಡ. ಮನೆ ಮುಂದೆ ಚಪ್ಪರಕ್ಕೆ ಹಬ್ಬಿಸಿದ, ಏನೂ ಹೊಡೆಯದ ದ್ರಾಕ್ಷಿ ಬಳ್ಳಿ ಇದ್ದರೆ ಆ ಮಾತು ಬೇರೆ, ಧಾರಾಳವಾಗಿ ಹಾಕಿ.

ನೀಲಗಿರಿ ಬಗ್ಗೆ ರೈತರಿಗೆ ಒಳ್ಳೇ ಅಭಿಪ್ರಾಯ ಇಲ್ಲ, ಅಂತರ್ಜಲ ಹೀರುತ್ತೆ ಅಂತ. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ಹಾಕೋದನ್ನೇ ನಿಷೇಧ ಮಾಡಿತು. ಆದರೆ ಬಜರಿಗರ್‌ಗೆ, ಕಾಕಟೀಲ್‌ಗೆ ಅದು ತವರುಮನೆ ಮರ. ಆಸ್ಟ್ರೇಲಿಯಾದಲ್ಲಿ ಅವು ಗೂಡು ಮಾಡೋದೇ ನೀಲಗಿರಿ ಜಾತಿಯ ಮರದ ಪೊಟರೆಯಲ್ಲಿ. ಹೊಸಕೋಟೆ ಕಡೆ ಉಳಿದಿರುವ ತೋಪಿನಿಂದ ಒಂದು ಕೊಂಬೆ ತಂದರೆ ಚೆನ್ನಾಗಿ ಬಾಳಿಕೆ ಬರುತ್ತೆ. ಬೇವು, ಬಿದಿರು ಕೂಡ ಬಳಸಬಹುದು. ಬಿದಿರು ನುಣುಪು, ಆದ್ದರಿಂದ ಅದೊಂದೇ ಹಾಕಬೇಡಿ. ತುದಿಯಲ್ಲಿ ಸಿಬಿರು ಎದ್ದಿದ್ದರೆ ಉಜ್ಜಿ ತೆಗೀರಿ.

ಮುಟ್ಟಲೇಬಾರದ ಗಿಡಗಳು: ಕಣಗಿಲೆ, ಕೆಂಪಾಗಲಿ ಹಳದಿಯಾಗಲಿ, ಎರಡೂ ಹೃದಯಕ್ಕೆ ವಿಷ. ಎಕ್ಕ, ಉಮ್ಮತ್ತಿ, ಹಾಲು ಸುರಿಯುವ ಕಳ್ಳಿ ಜಾತಿ ಎಲ್ಲ, ಹರಳು. ಬದುವಿನಲ್ಲಿ ಹಸಿರೆಲೆ ಗೊಬ್ಬರಕ್ಕೆ ಬೆಳೆಸುವ ಗ್ಲಿರಿಸಿಡಿಯಾ ಕೂಡ ಬೇಡ, ಅದನ್ನ ಕೆಲವು ದೇಶಗಳಲ್ಲಿ ಇಲಿ ಪಾಷಾಣ ಮಾಡೋಕೆ ಬಳಸ್ತಾರೆ. ಇನ್ನೊಂದು ಹೊಸ ಅಪಾಯ ಬೆಣ್ಣೆಹಣ್ಣು. ಈಗ ಬಹಳ ಜನ ಸಸಿ ಹಾಕ್ತಿದ್ದಾರೆ. ಅದರ ಎಲೆ, ತೊಗಟೆ, ಹಣ್ಣು ಎಲ್ಲದರಲ್ಲೂ ಪರ್ಸಿನ್ ಅನ್ನೋ ವಸ್ತು ಇದೆ. ನಮಗೆ ಏನೂ ಮಾಡಲ್ಲ, ಹಕ್ಕಿಯ ಪ್ರಾಣವನ್ನೇ ತೆಗೆಯುತ್ತೆ. ಹೊಂಗೆ ಬೀಜ ಕಹಿ, ಒಳ್ಳೇದಲ್ಲ, ಕಾಯಿ ಸಮೇತ ಕೊಂಬೆ ತರಬೇಡಿ. ಹೆಸರು ಗೊತ್ತಿಲ್ಲದ ಗಿಡ ಇದ್ದರೆ ಅದನ್ನ ಬಿಟ್ಟು ಸೀಬೆ ಹುಡುಕಿ.

ಹೊಸಕೋಟೆ, ನೆಲಮಂಗಲ ಗೋದಾಮುಗಳಿಂದ ಹೊರಬೀಳುವ ಪ್ಯಾಲೆಟ್ ಹಲಗೆ ಅಗ್ಗಕ್ಕೆ ಸಿಗುತ್ತೆ, ಅದರಲ್ಲಿ ಹಕ್ಕಿ ಸ್ಟ್ಯಾಂಡ್ ಮಾಡೋರಿದ್ದಾರೆ. ವಿದೇಶಕ್ಕೆ ಹೋಗಿ ಬರುವ ಪ್ಯಾಲೆಟ್ ಮೇಲೆ ಸುಟ್ಟು ಒತ್ತಿದ ಮುದ್ರೆ ಇರುತ್ತೆ. ಅದರಲ್ಲಿ ಎಚ್‌ಟಿ ಅಂತ ಇದ್ದರೆ ಮರವನ್ನ ಬಿಸಿ ಮಾಡಿ ಹುಳ ಸಾಯಿಸಿದ್ದಾರೆ ಅಂತ ಅರ್ಥ. ಎಂಬಿ ಅಂತ ಇದ್ದರೆ ಮೀಥೈಲ್ ಬ್ರೋಮೈಡ್ ಅನಿಲ ಹಾಯಿಸಿದ್ದಾರೆ, ಬಿಟ್ಟುಬಿಡಿ. ಎಚ್‌ಟಿ ಇದ್ದರೂ ಅದರ ಮೇಲೆ ಏನು ಚೆಲ್ಲಿತ್ತೋ ಯಾರಿಗೆ ಗೊತ್ತು, ಕಲೆ ಇದ್ದರೆ ಬೇಡವೇ ಬೇಡ. ಪ್ಲೈವುಡ್, ಎಂಡಿಎಫ್, ವಾರ್ನಿಷ್ ಹೊಡೆದ ಮರ ಇವೆಲ್ಲ ಅಂಟು, ರಾಸಾಯನಿಕ ತುಂಬಿದವು.

ಕೊಂಬೆ ತಂದ ಮೇಲೆ ಹಾಗೇ ಪಂಜರಕ್ಕೆ ಸಿಕ್ಕಿಸಬಾರದು. ಅದರ ಮೇಲೆ ಕಾಡು ಹಕ್ಕಿಗಳ ಹಿಕ್ಕೆ, ಇರುವೆ, ಗೆದ್ದಲು, ಹುಳದ ಮೊಟ್ಟೆ ಎಲ್ಲ ಇರುತ್ತೆ. ಒರಟು ಬ್ರಷ್‌ನಲ್ಲಿ ನೀರು ಹಾಕಿ ಉಜ್ಜಿ. ಪಾಚಿ, ಅಣಬೆ ಇದ್ದ ಭಾಗದ ತೊಗಟೆ ಕೆತ್ತಿ ತೆಗೀರಿ. ಕುದಿಯುವ ನೀರು ಎರಡು ಮೂರು ಸಲ ಸುರಿಯಿರಿ. ಸ್ನಾನದ ನೀರು ಕಾಯಿಸುವ ಹಂಡೆಯಲ್ಲಿ ಮುಳುಗಿಸಿದರೆ ಇನ್ನೂ ಒಳ್ಳೇದು. ಆಮೇಲೆ ಮೂರು ನಾಲ್ಕು ದಿನ ಚೆನ್ನಾಗಿ ಬಿಸಿಲಲ್ಲಿ ಒಣಗಿಸಿ. ಮಳೆಗಾಲದಲ್ಲಿ ಅರೆಬರೆ ಒಣಗಿದ ಕೊಂಬೆಗೆ ಬೂಷ್ಟು ಹಿಡಿಯುತ್ತೆ, ಅದು ಹಕ್ಕಿಯ ಉಸಿರಾಟಕ್ಕೆ ಕೆಟ್ಟದ್ದು. ಆದ್ದರಿಂದ ಬೇಸಿಗೆಯಲ್ಲೇ ನಾಲ್ಕೈದು ಕೊಂಬೆ ತಯಾರು ಮಾಡಿಟ್ಟುಕೊಳ್ಳಿ.

ಕಟ್ಟುವಾಗ ಒಂದರ ಕೆಳಗೆ ಒಂದು ಬರಬಾರದು, ಮೇಲಿನ ಹಕ್ಕಿಯ ಹಿಕ್ಕೆ ಕೆಳಗಿನದರ ಮೇಲೆ ಬೀಳುತ್ತೆ. ಊಟದ ಬಟ್ಟಲು, ನೀರಿನ ಬಟ್ಟಲ ಮೇಲೂ ಬೇಡ. ಬಾಲ ಸರಳಿಗೆ ಉಜ್ಜದಷ್ಟು ಜಾಗ ಬಿಡಿ. ರಾತ್ರಿ ಮಲಗೋದಕ್ಕೆ ಹಕ್ಕಿ ಎತ್ತರದ ಕೊಂಬೆಯನ್ನೇ ಹುಡುಕುತ್ತೆ, ಅದು ಅಲುಗಾಡದ ಹಾಗೆ ಇರಲಿ. ದೊಡ್ಡಬಳ್ಳಾಪುರದ ಕಡೆ ಡಿಸೆಂಬರ್, ಜನವರಿ ಚಳಿ ನಿಮಗೆ ಗೊತ್ತೇ ಇದೆ, ಆ ಕೊಂಬೆ ಗಾಳಿಗೆ ನೇರವಾಗಿ ಇರಬಾರದು.

ಜಿಐ ತಂತಿ, ಗೆಜ್ಜೆ, ಕೀ ರಿಂಗ್

ಕೊಂಬೆಯನ್ನ ಕಟ್ಟೋದು ಯಾವುದರಲ್ಲಿ? ಮನೆಯಲ್ಲಿ ಬಿದ್ದಿರುವ ಜಿಐ ತಂತಿ. ಪಂಜರ ಮಾಡೋದು ಯಾವುದರಲ್ಲಿ? ಕೋಳಿ ಶೆಡ್‌ಗೆ ತಂದು ಮಿಕ್ಕ ಮೆಶ್. ಎರಡರ ಮೇಲೂ ತುಕ್ಕು ಹಿಡಿಯದಿರಲಿ ಅಂತ ಸತುವಿನ ಲೇಪ ಇರುತ್ತೆ. ಕೋಳಿ ಅದನ್ನ ಕಚ್ಚೋಕೆ ಹೋಗಲ್ಲ, ಆದ್ದರಿಂದ ಅದಕ್ಕೆ ಏನೂ ಆಗಲ್ಲ. ಗಿಣಿ ಕೊಕ್ಕಿನಿಂದ ಸರಳು ಹಿಡಿದೇ ಹತ್ತುತ್ತೆ, ಹತ್ತುವಾಗ ಕೆರೆಯುತ್ತೆ. ಹೊಸ ಮೆಶ್‌ನ ಕೀಲಿನಲ್ಲಿ ಹೆಪ್ಪುಗಟ್ಟಿದ ಸತುವಿನ ಹನಿ, ಬಿಳಿ ಪುಡಿ ಎಲ್ಲ ಹೊಟ್ಟೆಗೆ ಹೋಗುತ್ತೆ. ಹೊಸ ಪಂಜರಕ್ಕೆ ಬಿಟ್ಟ ಕೆಲವೇ ವಾರದಲ್ಲಿ ಹಕ್ಕಿ ಸೊರಗಿ ಸಾಯೋದಕ್ಕೆ ಎಷ್ಟೋ ಸಲ ಇದೇ ಕಾರಣ. ಜನ ದೃಷ್ಟಿ ತಾಗಿತು ಅಂತಾರೆ.

ಸಾಧ್ಯವಾದರೆ ಸ್ಟೇನ್‌ಲೆಸ್ ಸ್ಟೀಲ್, 304 ದರ್ಜೆಯದು. ಇಲ್ಲದಿದ್ದರೆ ಒಳ್ಳೇ ಪೌಡರ್ ಕೋಟಿಂಗ್ ಪಂಜರ, ಬಣ್ಣ ಏಳದಿರುವುದು. ಜಿಐ ಮೆಶ್ ಹಾಕಿ ಆಗಿಹೋಗಿದೆ ಅನ್ನೋರು ವಿನೆಗರ್ ಹಾಕಿ ಗಟ್ಟಿ ಬ್ರಷ್‌ನಲ್ಲಿ ಉಜ್ಜಿ, ಚೆನ್ನಾಗಿ ತೊಳೆದು, ಕೆಲವು ವಾರ ಮಳೆ ಬಿಸಿಲಿಗೆ ಬಿಟ್ಟು ಆಮೇಲೆ ಹಕ್ಕಿ ಬಿಡಿ. ಅಪಾಯ ಕಡಿಮೆಯಾಗುತ್ತೆ, ಪೂರ್ತಿ ಹೋಗಲ್ಲ. ಕೊಂಬೆ ಕೂರಿಸೋಕೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸ್ಟೀಲ್ ಬೋಲ್ಟು, ವಾಷರ್, ಚಿಟ್ಟೆ ನಟ್ಟು ಕೇಳಿ ತನ್ನಿ. ಕೊಂಬೆಯ ತುದಿಗೆ ತೂತು ಹೊಡೆದು ಬೋಲ್ಟ್ ತೂರಿಸಿ, ಸರಳಿನ ಆಚೆ ಕಡೆ ನಟ್ಟು ಬಿಗಿದರೆ ಆಯ್ತು, ತಂತಿಯೇ ಬೇಕಿಲ್ಲ.

ಸೀಸ ಇನ್ನೂ ಕೆಟ್ಟದ್ದು. ಮೀನು ಬಲೆಯ ಗುಂಡು, ಬೆಸುಗೆ ಹಾಕಿದ ತುಂಡು, ಹಳೇ ಕಿಟಕಿ ಬಾಗಿಲಿನ ಪೇಂಟ್ ಇವುಗಳಲ್ಲಿ ಇರುತ್ತೆ. ಪಂಜರದಿಂದ ಹೊರಗೆ ಬಿಟ್ಟ ಗಿಣಿ ಹಳೇ ಬಾಗಿಲ ಚೌಕಟ್ಟು ಕೆರೆಯುತ್ತಿದ್ದರೆ ಅಲ್ಲಿಂದ ಎಬ್ಬಿಸಿ.

ಮಕ್ಕಳ ಕಾಲ್ಗೆಜ್ಜೆ ಬಿಚ್ಚಿ ಪಂಜರಕ್ಕೆ ಕಟ್ಟೋದು ನಮ್ಮ ಕಡೆ ಬಹಳ. ಗೆಜ್ಜೆಯ ಬಾಯಿ ಸೀಳು ಇರುತ್ತಲ್ಲ, ಅದರಲ್ಲಿ ಚಿಕ್ಕ ಹಕ್ಕಿಯ ಬೆರಳು ಸಿಕ್ಕಿಕೊಳ್ಳುತ್ತೆ. ಬೆರಳು ಒಳಗೆ ಹೋಗುತ್ತೆ, ಹೊರಗೆ ಬರಲ್ಲ. ಒದ್ದಾಡಿ ಬೆರಳನ್ನೇ ಕಿತ್ತುಕೊಳ್ಳುತ್ತೆ. ಗಂಟೆ ಬೇಕಾದರೆ ಕೆಳಗೆ ಅಗಲ ಬಾಯಿ ತೆರೆದ, ಸ್ಟೀಲಿನ ಗಂಟೆ ಇರಲಿ. ಅದರ ನಾಲಿಗೆ ಎಳೆದು ನೋಡಿ, ಕಿತ್ತು ಬರುವಂತಿದ್ದರೆ ಬೇಡ, ಎಷ್ಟೋ ಅಗ್ಗದ ಗಂಟೆಯಲ್ಲಿ ಅದು ಯಾವ ಲೋಹ ಅಂತಲೇ ಗೊತ್ತಾಗಲ್ಲ. ಕೀ ಬಂಚ್‌ನ ಸುರುಳಿ ರಿಂಗು, ನಾಯಿ ಬೆಲ್ಟಿನ ಕೊಕ್ಕೆ, ಸೇಫ್ಟಿ ಪಿನ್ ಇವುಗಳಲ್ಲಿ ಕೊಕ್ಕು, ನಾಲಿಗೆ ಸಿಕ್ಕಿಕೊಳ್ಳುತ್ತೆ.

ಆಟದ ಸಾಮಾನು: ಮಗ್ಗದ ನೂಲು ಬೇಡ, ನವಣೆ ತೆನೆ ಬೇಕು

ಆಟ ಅಂದ್ರೆ ಗಿಣಿಗೆ ಶೋಕಿ ಅಲ್ಲ. ಕಾಡಲ್ಲಿ ಇದ್ದರೆ ದಿನದ ಬಹುಪಾಲು ಹೊತ್ತು ಊಟ ಹುಡುಕೋದು, ಸುಲಿಯೋದು, ಬಿಡಿಸೋದರಲ್ಲೇ ಕಳೆಯುತ್ತೆ. ಪಂಜರದಲ್ಲಿ ಬಟ್ಟಲು ತುಂಬ ಕಾಳು ಇದೆ, ಹತ್ತು ನಿಮಿಷದಲ್ಲಿ ಊಟ ಮುಗಿಯಿತು. ಉಳಿದ ಹೊತ್ತು ಏನು ಮಾಡಬೇಕು? ಕಿರುಚುತ್ತೆ. ಅದೂ ಸಾಕಾದಾಗ ತನ್ನ ಪುಕ್ಕ ತಾನೇ ಕಿತ್ತುಕೊಳ್ಳೋಕೆ ಶುರು ಮಾಡುತ್ತೆ. ಗ್ರೇ ಗಿಣಿಗಳಲ್ಲಿ ಇದು ಬಹಳ, ಅಭ್ಯಾಸವಾದ ಮೇಲೆ ಬಿಡಿಸೋದು ಕಷ್ಟ. ಆದ್ದರಿಂದ ಒಳ್ಳೇ ಆಟದ ಸಾಮಾನು ಅಂದ್ರೆ ಹಕ್ಕಿ ಹಾಳು ಮಾಡಬಹುದಾದ ಸಾಮಾನು. ಹರಿದು ಹಾಕಿತು ಅಂತ ಬೇಜಾರು ಮಾಡ್ಕೋಬೇಡಿ.

ಅಂಗಡಿಯಲ್ಲಿ ಮಿಲೆಟ್ ಸ್ಪ್ರೇ ಅಂತ ಪ್ಯಾಕೆಟ್ಟಿನಲ್ಲಿ ಮಾರೋದು ಏನು ಗೊತ್ತಾ? ನವಣೆ ತೆನೆ. ಅದೇ ನವಣೆ. ಒಂದು ಸಾಲು ಹಾಕಿಕೊಂಡರೆ ವರ್ಷಕ್ಕಾಗುವಷ್ಟು ಸಿಗುತ್ತೆ. ಔಷಧಿ ಹೊಡೆಯದೆ ಬೆಳೆದು, ಒಣಗಿಸಿ, ಒಂದೊಂದೇ ತೆನೆ ತೂಗುಹಾಕಿ. ಬಜರಿಗರ್ ತಲೆಕೆಳಗಾಗಿ ನೇತಾಡಿಕೊಂಡು ತಿನ್ನೋದು ನೋಡೋಕೇ ಚೆಂದ. ರಾಗಿ ತೆನೆ, ಸಜ್ಜೆ ತೆನೆ, ಚಿಕ್ಕ ಸೂರ್ಯಕಾಂತಿ ತಲೆ ಕೂಡ ಆಗುತ್ತೆ. ಸೂರ್ಯಕಾಂತಿ ಮಾತ್ರ ಅಪರೂಪಕ್ಕೆ, ಎಣ್ಣೆ ಜಾಸ್ತಿ. ಬಿತ್ತನೆಗೆ ಅಂತ ತಂದ, ಬಣ್ಣ ಹಾಕಿ ಉಪಚಾರ ಮಾಡಿದ ಬೀಜ ಒಂದು ಕಾಳೂ ಹಕ್ಕಿ ಹತ್ತಿರ ಬರಬಾರದು.

ಮುಸುಕಿನ ಜೋಳದ ಸಿಪ್ಪೆಯಲ್ಲಿ ಎರಡು ಕಾಳು ಸುತ್ತಿ ಗಂಟು ಹಾಕಿ ಕೊಡಿ, ಬಿಡಿಸಿಕೊಂಡು ತಿನ್ನಲಿ. ಬೂಷ್ಟು ಹಿಡಿದದ್ದು ಕಂಡರೆ ಎಸೆಯಿರಿ, ಅದರ ವಿಷ ಹಕ್ಕಿಯ ಪಿತ್ತಜನಕಾಂಗಕ್ಕೆ ಬಡಿಯುತ್ತೆ. ಮದುವೆ ಊಟದಲ್ಲಿ ಮಿಕ್ಕ ಹೊಸ ಅಡಿಕೆ ಹಾಳೆ ತಟ್ಟೆ ಒಳ್ಳೇ ಆಟಿಕೆ, ತುಂಡು ಮಾಡಿ ಪೋಣಿಸಿ ತೂಗುಹಾಕಿ. ಕಾಯಿ ಚಿಪ್ಪನ್ನ ನಾರಿಲ್ಲದ ಹಾಗೆ ಕೆರೆದು, ಎರಡು ತೂತು ಮಾಡಿ, ಒಳಗೆ ಕ್ಯಾರೆಟ್ ತುರಿ ಹಾಕಿ ಇಟ್ಟರೆ ಕನ್ಯೂರ್‌ಗೆ ಒಂದು ಬೆಳಗ್ಗೆ ಕಳೆಯುತ್ತೆ. ನುಗ್ಗೆ ಸೊಪ್ಪು, ಕೊತ್ತಂಬರಿ ಕಟ್ಟು ನೇತುಹಾಕಿದರೆ ಆಟವೂ ಆಯ್ತು, ಊಟವೂ ಆಯ್ತು. ಮುದ್ರಣವಿಲ್ಲದ ರಟ್ಟು, ಬಿಳಿ ಹಾಳೆ ಸಾಕಷ್ಟಿದ್ದರೆ ದುಡ್ಡು ಖರ್ಚೇ ಇಲ್ಲ. ಸ್ಟೇಪಲ್ ಪಿನ್ನು, ಟೇಪು ಮಾತ್ರ ತೆಗೆದಿರಬೇಕು.

ದೊಡ್ಡಬಳ್ಳಾಪುರದವರಿಗೆ ಒಂದು ವಿಶೇಷ ಮಾತು. ಮಗ್ಗದ ಮನೆಯಲ್ಲಿ ಬಣ್ಣ ಬಣ್ಣದ ವೇಸ್ಟ್ ನೂಲು ಕಂತೆ ಕಂತೆ ಇರುತ್ತೆ. ಅದನ್ನ ಕುಚ್ಚು ಕಟ್ಟಿ ಪಂಜರಕ್ಕೆ ಹಾಕಿದರೆ ಹಕ್ಕಿಗೆ ಖುಷಿ, ನೋಡೋಕೂ ಲಕ್ಷಣ. ಆದರೆ ರೇಷ್ಮೆಯಾಗಲಿ ಪಾಲಿಯೆಸ್ಟರ್ ಆಗಲಿ, ಆ ಎಳೆ ಕಾಲಿಗೆ ಒಂದು ಸುತ್ತು ಸುತ್ತಿಕೊಂಡರೆ ಹಕ್ಕಿ ಎಳೆದಷ್ಟೂ ಬಿಗಿಯುತ್ತೆ. ಒಂದು ರಾತ್ರಿಯಲ್ಲಿ ಬೆರಳು ಊದಿ ಕಪ್ಪಾಗುತ್ತೆ. ನುಂಗಿದ ಎಳೆ ಎದೆ ಹತ್ತಿರದ ಕಾಳಿನ ಚೀಲದಲ್ಲಿ ಉಂಡೆ ಕಟ್ಟುತ್ತೆ, ಆಪರೇಷನ್ ಮಾಡಿಯೇ ತೆಗೆಯಬೇಕು. ಗೊಬ್ಬರದ ಚೀಲದ ಪ್ಲಾಸ್ಟಿಕ್ ಎಳೆ, ಗಾಳಿಪಟದ ದಾರ, ಉಲ್ಲನ್ ಎಲ್ಲಕ್ಕೂ ಇದೇ. ಗೋಣಿ ದಾರಕ್ಕೆ ಕಾರ್ಖಾನೆಯಲ್ಲಿ ಎಣ್ಣೆ ಹಾಕಿರ್ತಾರೆ, ಅದೂ ಬೇಡ. ಹಗ್ಗ ಬೇಕೇ ಬೇಕು ಅಂದ್ರೆ ಹೊಸದಾದ ಗಟ್ಟಿ ಹತ್ತಿ ಹಗ್ಗ, ಚಿಕ್ಕ ತುಂಡು, ಕುಣಿಕೆ ಆಗದ ಹಾಗೆ. ನೂಲು ಬಿಚ್ಚಿಕೊಳ್ಳೋಕೆ ಶುರುವಾದ ದಿನವೇ ಕತ್ತರಿಸಿ, ಇಲ್ಲಾ ಬದಲಾಯಿಸಿ.

ಬಳೆ, ಉಂಗುರದ ಆಟಿಕೆಗೆ ಒಂದು ಸುಲಭ ಲೆಕ್ಕ: ಹಕ್ಕಿಯ ತಲೆ ತೂರಲಾರದಷ್ಟು ಚಿಕ್ಕದಿರಬೇಕು, ಇಲ್ಲಾ ಇಡೀ ಮೈ ಸಲೀಸಾಗಿ ಆಚೆ ಹೋಗುವಷ್ಟು ದೊಡ್ಡದಿರಬೇಕು. ನಡುವಿನ ಅಳತೆಯೇ ಕುತ್ತಿಗೆಗೆ ಉರುಲು. ಹಕ್ಕಿಯ ಗಾತ್ರಕ್ಕೆ ತಕ್ಕ ಸಾಮಾನೇ ತನ್ನಿ. ಬಜರಿಗರ್‌ನ ತೆಳು ಪ್ಲಾಸ್ಟಿಕ್ ಚೆಂಡನ್ನ ಗ್ರೇ ಗಿಣಿಗೆ ಕೊಟ್ಟರೆ ಕಡಲೆಕಾಯಿ ಒಡೆದ ಹಾಗೆ ಒಡೆದು ಚೂರು ನುಂಗುತ್ತೆ.

ಚನ್ನಪಟ್ಟಣದ ಗೊಂಬೆ ಕೊಡಬಹುದಾ ಅನ್ನೋ ಪ್ರಶ್ನೆಯೂ ಇದೆ. ಅರಗು ಮತ್ತು ಸಸ್ಯ ಬಣ್ಣದ ಅಸಲಿ ಗೊಂಬೆ ಮಗು ಚೀಪೋಕೆ ಒಳ್ಳೇದು. ಗಿಣಿ ಚೀಪೋದಿಲ್ಲ, ಸಿಗಿದು ಹಾಕುತ್ತೆ. ಒಳಗಿನ ಹಾಲೆ ಮರವೂ ಕಣಗಿಲೆ ಕುಟುಂಬದ್ದೇ. ನನ್ನ ಮಟ್ಟಿಗೆ ಅದು ಶೋಕೇಸಿನಲ್ಲೇ ಇರಲಿ. ಬಜರಿಗರ್‌ಗೆ ಕನ್ನಡಿ ಹಾಕೋದನ್ನೂ ನಾನು ಒಪ್ಪಲ್ಲ. ಒಂಟಿ ಹಕ್ಕಿ ಅದನ್ನ ಜೊತೆಗಾರ ಅಂತ ತಿಳ್ಕೊಂಡು ತಿಂದದ್ದನ್ನ ಕಕ್ಕಿ ಕನ್ನಡಿಗೆ ಉಣಿಸೋಕೆ ನೋಡುತ್ತೆ, ಬೇರೆ ಎಲ್ಲ ಬಿಟ್ಟು ಅದರ ಮುಂದೆಯೇ ಕೂತಿರುತ್ತೆ. ಅದಕ್ಕೆ ಬೇಕಾಗಿರೋದು ಇನ್ನೊಂದು ಹಕ್ಕಿ.

ಹೊಸ ಆಟಿಕೆ ತಂದು ಒಮ್ಮೆಲೇ ಮುಖದ ಮುಂದೆ ಕಟ್ಟಿದರೆ ಕೆಲವು ಹಕ್ಕಿ ಹೆದರಿ ಪಂಜರಕ್ಕೆ ಬಡಿದುಕೊಳ್ಳುತ್ತೆ. ಎರಡು ಮೂರು ದಿನ ಪಂಜರದ ಹೊರಗೆ ಕಾಣುವ ಹಾಗಿಡಿ, ಆಮೇಲೆ ಒಳಗೆ. ಒಂದೇ ಸಲ ಎರಡು ಮೂರು ಸಾಕು, ವಾರಕ್ಕೊಮ್ಮೆ ಬದಲಾಯಿಸುತ್ತಾ ಇರಿ. ರೆಕ್ಕೆ ಬಿಚ್ಚೋಕೆ ಜಾಗ ಇಲ್ಲದಷ್ಟು ತುಂಬಬೇಡಿ.

ಏನಾದರೂ ಆದಾಗ

ಹಕ್ಕಿ ಕಾಯಿಲೆಯನ್ನ ಮುಚ್ಚಿಡುತ್ತೆ. ಪುಕ್ಕ ಉಬ್ಬಿಸಿಕೊಂಡು, ಕಣ್ಣು ಅರೆ ಮುಚ್ಚಿ, ಪಂಜರದ ತಳದಲ್ಲಿ ಕೂತಿದೆ ಅಂದ್ರೆ ಆಗಲೇ ತಡವಾಗಿದೆ ಅಂತ ತಿಳಿಯಿರಿ. ವಾಂತಿ, ಬಹಳ ನೀರು ಕುಡಿಯೋದು, ಕಡು ಹಸಿರು ನೀರು ಹಿಕ್ಕೆ, ಕಾಲಲ್ಲಿ ಬಲ ಇಲ್ಲದಿರೋದು, ನಡುಕ, ಫಿಟ್ಸ್ ಇವು ಸತುವು, ಸೀಸದ ವಿಷದ ಲಕ್ಷಣ ಇರಬಹುದು. ಎಣ್ಣೆ ಕುಡಿಸೋದು, ಬೆಳ್ಳುಳ್ಳಿ ಹಾಕೋದು ಇಂಥ ಮನೆ ಮದ್ದಿಗೆ ಹೊತ್ತು ಕಳೀಬೇಡಿ. ಎಕ್ಸ್‌ರೇಯಲ್ಲಿ ಲೋಹದ ಚೂರು ಕಾಣುತ್ತೆ, ಲೋಹವನ್ನ ದೇಹದಿಂದ ಹೊರಹಾಕುವ ಇಂಜೆಕ್ಷನ್ ಇದೆ, ಬೇಗ ಹೋದರ ಬದುಕುತ್ತೆ. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಮೊದಲು ಕೇಳಿ, ಹಕ್ಕಿ ನೋಡುವ ಡಾಕ್ಟರು ಇಲ್ಲದಿದ್ದರೆ ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜಿದೆ.

ಉಗುರು ಮುರಿದು ರಕ್ತ ಬಂದರೆ ಕಾರ್ನ್‌ಫ್ಲೋರ್ ಒತ್ತಿ ಎರಡು ಮೂರು ನಿಮಿಷ ಹಿಡಿಯಿರಿ. ಕಾಲಿಗೆ ನೂಲು ಸುತ್ತಿದ್ದರೆ ಒಬ್ಬರು ಟವೆಲ್‌ನಲ್ಲಿ ಹಕ್ಕಿ ಹಿಡಿಯಿರಿ, ಎದೆ ಒತ್ತಬಾರದು, ಎದೆ ಆಡಿದರೇ ಅದಕ್ಕೆ ಉಸಿರು. ಇನ್ನೊಬ್ಬರು ಚಿಕ್ಕ ಕತ್ತರಿಯಿಂದ ಎಳೆ ಕತ್ತರಿಸಿ. ಚರ್ಮದೊಳಗೆ ಹೂತಿದ್ದರೆ ಎಳೆಯೋಕೆ ಹೋಗಬೇಡಿ, ಡಾಕ್ಟರ ಹತ್ತಿರವೇ ತೆಗೆಸಿ. ಆಸ್ಪತ್ರೆಗೆ ಹೋಗುವಾಗ ಗಾಳಿ ಆಡುವ ರಟ್ಟಿನ ಡಬ್ಬದಲ್ಲಿ ಬಟ್ಟೆ ಹಾಸಿ ಹಕ್ಕಿಯನ್ನ ಇಡಿ, ಅದು ಕಚ್ಚಿದ ತಂತಿ ಅಥವಾ ಆಟಿಕೆಯ ತುಂಡು, ಅವತ್ತಿನ ಹಿಕ್ಕೆ ಬಿದ್ದ ಕಾಗದ ಎರಡನ್ನೂ ಕವರಿನಲ್ಲಿ ಹಾಕ್ಕೊಂಡು ಹೋಗಿ. ಡಾಕ್ಟರು ಮೊದಲು ಕೇಳೋದೇ ಅದನ್ನ.